ಲೈನ್ ಮನೆಯ ಶೀಟಿಗೆ ತಂಪು ಬಣ್ಣ, ನಾವೇ ಮಾಡಬಹುದಾ?

ಪ್ರಶ್ನೆ (ಕೊಡಗಿನ ಸಿದ್ದಾಪುರ): ನಮ್ಮ ಕಾಫಿ ತೋಟದ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲು ಮನೆಗಳಿಗೆ) ಜಿಂಕ್ ಶೀಟ್ ಹಾಕಿದೆ. ಮಾರ್ಚ್ ಬಂತು ಅಂದರೆ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ, ಮಕ್ಕಳನ್ನು ಕರ್ಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಕರೆಂಟ್ ಇಲ್ಲದೆ ತಂಪು ಮಾಡುವ ಬಣ್ಣ ಬಂದಿದೆ ಅಂತ ಓದಿದೆ. ಸುಣ್ಣದಲ್ಲಿ ನಾವೇ ಮಾಡಿಕೊಳ್ಳಬಹುದಾ? ಮಾಡಿನ ನೀರು ನೇರ ತೋಡಿಗೆ ಹೋಗುತ್ತದೆ, ವಿಷದ ವಸ್ತು ಬೇಡ.

ಉತ್ತರ (ಬಣ್ಣ ತಯಾರಿಕೆಯಲ್ಲಿ ಇರುವವ): ಮಾಡಬಹುದು. ಆದರೆ ಶೀಟಿಗೆ ಸುಣ್ಣ ಬಳಿಯಬೇಡಿ, ಅದರ ಕ್ಷಾರ ಜಿಂಕನ್ನು ತಿನ್ನುತ್ತದೆ. ಸುಣ್ಣ ಟೆರೇಸಿಗೆ ಸರಿ.

ಈ ತಂಪು ಬಣ್ಣ ಕೆಲಸ ಮಾಡುವ ರೀತಿ ನಿಮಗೆ ಗೊತ್ತಿರುವುದೇ. ಜನವರಿಯಲ್ಲಿ ಕಣದ ಕಾಫಿಗೆ ರಾತ್ರಿ ಟಾರ್ಪಾಲ್ ಮುಚ್ಚುತ್ತೀರಿ ಅಲ್ವಾ? ಬೆಳಿಗ್ಗೆ ಬಯಲಲ್ಲಿರುವ ಭಾಗದ ಮೇಲೆ ಇಬ್ಬನಿ ನೀರು ನಿಂತಿರುತ್ತದೆ, ಮರದ ಕೆಳಗೆ ಹೋದ ಅಂಚು ಒಣಗೇ ಇರುತ್ತದೆ. ಬಯಲಿನ ಭಾಗ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಗಿದೆ. 8ರಿಂದ 13 ಮೈಕ್ರೋಮೀಟರ್ ಅಲೆಯುದ್ದದ ಶಾಖಕ್ಕೆ ಒಣ ಗಾಳಿ ಅಷ್ಟಾಗಿ ಅಡ್ಡ ಬರುವುದಿಲ್ಲ, ಅದು ಸೀದಾ ಬಾಹ್ಯಾಕಾಶಕ್ಕೆ ಹೋಗುತ್ತದೆ. ಹಗಲೂ ಹೀಗೇ ಆಗಬೇಕಾದರೆ ಬಿಸಿಲನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸಬೇಕು. ಹೊಳೆಯುವ ಜಿಂಕ್ ಶೀಟ್ ಬಿಸಿಲನ್ನು ಸ್ವಲ್ಪ ವಾಪಸ್ ಕಳಿಸಿದರೂ ಹೀರಿಕೊಂಡ ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ, ಅದಕ್ಕೇ ಒಳಗೆ ಅಷ್ಟು ಕಾವು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2020ರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಣ್ಣದಿಂದ ಶೇ. 95.5ರಷ್ಟು ಬಿಸಿಲನ್ನು ಹಿಂದೆ ಕಳಿಸಿದರು, 2021ರಲ್ಲಿ ಬೇರಿಯಂ ಸಲ್ಫೇಟಿನಿಂದ ಶೇ. 98.1. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಮೆಗ್ನೀಸಿಯಂ ಆಕ್ಸೈಡ್ ಬಳಸಿ ಇಂಥದ್ದು ಮಾಡಿದ್ದಾರೆ. ನಿಮಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸಾಕು, ಅಂದರೆ ಸುಣ್ಣದಕಲ್ಲಿನ ಪುಡಿ. ಅದು ಲೋಹ ತಿನ್ನುವುದಿಲ್ಲ, ತೋಡಿಗೂ ತೊಂದರೆ ಇಲ್ಲ. ಒಂದೇ ಗಾತ್ರದ ಪುಡಿ ಬೇಡ, ನಯ ಮತ್ತು ಇನ್ನೂ ನಯ ಎರಡೂ ಬೆರೆಸಿ. ಬಿಸಿಲಿನ ಬೇರೆ ಬೇರೆ ಅಲೆಗಳನ್ನು ಚದುರಿಸಲು ಬೇರೆ ಬೇರೆ ಗಾತ್ರದ ಕಣ ಬೇಕು.

ಕಷ್ಟ ಇರುವುದು ಅಂಟಿನಲ್ಲಿ. ನೀರಲ್ಲಿ ಬೆರೆಸುವ ಅಕ್ರಿಲಿಕ್ ಅಂಟು ಬೇಕಾಗುತ್ತದೆ, ಅದೂ ಪ್ಲಾಸ್ಟಿಕ್ಕೇ. ಪುಡಿ ಜಾಸ್ತಿ ಮಾಡಿದಷ್ಟೂ ತಂಪು ಜಾಸ್ತಿ, ಪ್ಲಾಸ್ಟಿಕ್ ಕಡಿಮೆ, ಆದರೆ ಕೈಯಲ್ಲಿ ಒರೆಸಿದರೆ ಬಿಳಿ ಪುಡಿ ಬರುತ್ತದೆ, ಜುಲೈ ಮಳೆಗೆ ಅರ್ಧ ತೊಳೆದು ಹೋಗುತ್ತದೆ. ನಾನು ಮಾಡಿದ ಮೊದಲ ಮಾದರಿ ಹಾಗೇ ಹೋಯಿತು. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುವ ಮಡಿಕೇರಿ ಕಡೆ ಪ್ರಯೋಗಾಲಯದ ಅಳತೆ ನಂಬಿ ಕೂರಬಾರದು.

ಪ್ರಶ್ನೆ (ಮಡಿಕೇರಿ): ನಮ್ಮದೂ ಶೀಟ್ ಮನೆ. ನಾವೂ ಹಾಕಬಹುದಾ?

ಉತ್ತರ: ನಿಮಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಡಿಸೆಂಬರ್ ಚಳಿಯಲ್ಲೂ ಇದು ತಂಪು ಮಾಡುತ್ತಲೇ ಇರುತ್ತದೆ, ನಿಲ್ಲಿಸಲು ಸ್ವಿಚ್ ಇಲ್ಲ. ಶೀಟ್ ರಾತ್ರಿ ಇನ್ನೂ ತಣ್ಣಗಾಗಿ ಒಳಗಿನ ಉಸಿರು, ಅಡುಗೆಯ ಹಬೆ ಅದರ ಅಡಿಗೆ ತಾಗಿ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತದೆ. ಮಾಡಿನ ಕೆಳಗೆ ಒಂದು ಸೀಲಿಂಗ್ ಹಾಕಿಸಿ, ಎರಡು ಕಾಲಕ್ಕೂ ಆಗುತ್ತದೆ.

ಪ್ರಶ್ನೆ (ಸಿದ್ದಾಪುರ): ಪಾಚಿಗೆ ಏನು ಮಾಡುವುದು? ಎರಡು ಮನೆ ಮೇಲೆ ಸಿಲ್ವರ್ ಓಕ್ ನೆರಳೂ ಇದೆ.

ಉತ್ತರ: ಆ ಎರಡು ಮನೆ ಬಿಟ್ಟುಬಿಡಿ. ಮರದ ಕೆಳಗೆ ಆಕಾಶ ಕಾಣುವುದಿಲ್ಲ, ಬಣ್ಣಕ್ಕೆ ಹಾಕಿದ ದುಡ್ಡು ದಂಡ. ನೆರಳೇ ಅಲ್ಲಿ ಆ ಕೆಲಸ ಮಾಡುತ್ತಿದೆ, ದಯವಿಟ್ಟು ಮರ ಕಡಿಯಬೇಡಿ. ಉಳಿದವುಗಳಲ್ಲಿ ಪಾಚಿ ಬಂದೇ ಬರುತ್ತದೆ. ಅದಕ್ಕೆ ಬಣ್ಣದಲ್ಲಿ ಪಾಚಿನಾಶಕ ಬೆರೆಸುವುದುಂಟು, ಅದು ಮಳೆ ನೀರಲ್ಲಿ ಬಿಟ್ಟುಕೊಂಡು ತೋಡಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ನೀವು ಬೇಡ ಅಂದಿದ್ದು ಇದೇ. ಬದಲಿಗೆ ಮಳೆಗಾಲ ಮುಗಿದ ಮೇಲೆ ತೆಂಗಿನ ನಾರಿನ ಬ್ರಷ್ಷಲ್ಲಿ ಬರೀ ನೀರು ಹಾಕಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಜನವರಿಯಲ್ಲಿ ಬೇಕಾದಲ್ಲಿ ಇನ್ನೊಂದು ಕೋಟ್ ಕೊಡಿ.

ಈಗಲೇ ಎಲ್ಲಾ ಮನೆಗೆ ಬೇಡ. ಮೂರು ಶೀಟ್ ತುಂಡು ತಗೊಳ್ಳಿ, ಒಂದು ಹಾಗೇ ಇರಲಿ, ಎರಡಕ್ಕೆ ಬೇರೆ ಬೇರೆ ಪ್ರಮಾಣದ ಅಂಟು ಬೆರೆಸಿದ ಬಣ್ಣ. ಕಣದ ಪಕ್ಕ ಬಯಲಲ್ಲಿ ಇಡಿ, ಮಧ್ಯಾಹ್ನ ಎರಡು ಗಂಟೆಗೆ ಅಡಿಯಲ್ಲಿ ಥರ್ಮಾಮೀಟರ್ ತಾಗಿಸಿ ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು, ಫೋಟೋ ಸಮೇತ ಇಲ್ಲಿ ಹಾಕಿ, ಅಂಟಿನ ಪ್ರಮಾಣ ಆಮೇಲೆ ಸರಿ ಮಾಡೋಣ.