ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗೆ ಬೇರೆ ಇಂಜಿನ್ ಕೂರಿಸೋದಾ, ಇಲ್ಲ ಇರೋದನ್ನೇ ಬೋರ್ ಮಾಡಿಸೋದಾ?

ಹುಲ್ಲುಹಾಸು

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಒಂದು ಹಳೇ ಗಾರ್ಡನ್ ಟ್ರ್ಯಾಕ್ಟರ್ ಇದೆ. ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು, ಚಾಸಿ ಎಲ್ಲಾ ಗುಂಡುಕಲ್ಲಿನ ಹಾಗಿದೆ, ಇಂಜಿನ್ ಮಾತ್ರ ಪೂರ್ತಿ ಸುಸ್ತು. ಕೊಹ್ಲರ್ ಕೆ301, ಸಿಂಗಲ್ ಸಿಲಿಂಡರ್, 12 ಎಚ್‌ಪಿ, ಬೀಡಿನ ಬ್ಲಾಕು. ಇಷ್ಟು ವರ್ಷ ದುಡಿದಿದೆ, ಅದರ ಮೇಲೆ ನನಗೇನೂ ದೂರಿಲ್ಲ. ಈಗ ಸ್ಟಾರ್ಟ್ ಆದ ಕೂಡ್ಲೇ ನೀಲಿ ಹೊಗೆ, ಹುಲ್ಲು ಸ್ವಲ್ಪ ದಟ್ಟ ಬಂತು ಅಂದ್ರೆ ಏದುಸಿರು ಬಿಡುತ್ತೆ, ಬ್ರೀದರ್‌ನಿಂದ (ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಕಿಂಡಿ) ಆಯಿಲ್ ಉಗುಳಿ ಒಂದು ಪಕ್ಕ ಪೂರ್ತಿ ಜಿಡ್ಡಾಗಿದೆ. ಕಂಪ್ರೆಷನ್ ಗೇಜ್ ಹಾಕಿ ನೋಡಿದ್ರೆ ಮುಳ್ಳು ಏಳೋದೇ ಇಲ್ಲ.

ಹೋಂಡಾ ಜಿಎಕ್ಸ್390, ಇಲ್ಲಾಂದ್ರೆ ಅದೇ ಅಚ್ಚಿನ ಚೈನಾ ಇಂಜಿನ್ ತಂದು ಹಾಕಿಬಿಡೋಣ ಅಂತಿದೀನಿ, ಅದ್ರಲ್ಲಿ 13 ಎಚ್‌ಪಿ ಅಂತ ಬರ್ದಿರುತ್ತೆ, 12 ತೆಗೆದು 13 ಹಾಕಿದ್ರೆ ಲಾಭಾನೇ ಅಲ್ವಾ? ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಹಾಕೋ ಕೆಲ್ಸಾನಾ, ಇಲ್ಲ ಒಳಗೆ ಬೇರೆ ಕಥೆ ಇದೆಯಾ, ಮಾಡಿ ಅನುಭವ ಇರೋರು ಹೇಳಿ.

ಹದಿನೇಳರ ಸ್ಪ್ಯಾನರ್

ಬೇರೆ ಇಂಜಿನ್ ಹುಡುಕೋಕೆ ಮುಂಚೆ ಆ ಗೇಜನ್ನ ಪಕ್ಕಕ್ಕಿಡಿ ಸರ್. ಕೆ ಸೀರೀಸ್‌ನಲ್ಲಿ ಕ್ಯಾಮ್ ಮೇಲೆ ಕಂಪ್ರೆಷನ್ ರಿಲೀಸ್ ಇರುತ್ತೆ, ಸೆಲ್ಫ್ ಹೊಡೆಯೋ ಸ್ಪೀಡಲ್ಲಿ ಅದು ಎಕ್ಸಾಸ್ಟ್ ವಾಲ್ವನ್ನ ಸ್ವಲ್ಪ ಎತ್ತಿ ಹಿಡಿಯುತ್ತೆ, ಹಾಗಾಗಿ ಚೆನ್ನಾಗಿರೋ ಇಂಜಿನ್ ಕೂಡ ಗೇಜಲ್ಲಿ ಸತ್ತಂಗೇ ಕಾಣುತ್ತೆ. ಲೀಕ್‌ಡೌನ್ ಟೆಸ್ಟ್ ಮಾಡಿ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಕ್ರ್ಯಾಂಕ್ ತಿರುಗದ ಹಾಗೆ ಗಟ್ಟಿಯಾಗಿ ಲಾಕ್ ಮಾಡಿ (ಗಾಳಿ ಬಿಟ್ಟಾಗ ಒದೆಯುತ್ತೆ, ಕೈ ಜೋಪಾನ), ಪ್ಲಗ್ ತೂತಿನಿಂದ ಗಾಳಿ ಕೊಟ್ಟು ಎಲ್ಲಿ ಬುಸ್ ಅಂತಿದೆ ಅಂತ ಕಿವಿ ಇಟ್ಟು ಕೇಳಿ. ಸೈಲೆನ್ಸರಲ್ಲಿ ಬಂದ್ರೆ ಎಕ್ಸಾಸ್ಟ್ ವಾಲ್ವು, ಕಾರ್ಬುರೇಟರಲ್ಲಿ ಬಂದ್ರೆ ಇನ್‌ಟೇಕು, ಆಯಿಲ್ ಕಡ್ಡಿ ತೂತಲ್ಲಿ ಬಂದ್ರೆ ರಿಂಗು ಬೋರು ಹೋಗಿದೆ.

ಬ್ರೀದರ್ ಒಳಗಿನ ರೀಡ್ (ಗಾಳಿನ ಒಂದೇ ಕಡೆ ಬಿಡೋ ತೆಳು ತಗಡಿನ ವಾಲ್ವು) ಕೂಡ ಬಿಚ್ಚಿ ನೋಡಿ. ಅದು ಕಸ ಕೂತು ಅಂಟಿಕೊಂಡ್ರೆ ಕ್ರ್ಯಾಂಕ್‌ಕೇಸಲ್ಲಿ ಒತ್ತಡ ಹೆಚ್ಚಾಗಿ ಆಯಿಲ್ ಎಲ್ಲಿ ದಾರಿ ಸಿಗುತ್ತೋ ಅಲ್ಲಿಂದ ಹೊರಗೆ ಬರುತ್ತೆ. ಅಷ್ಟಕ್ಕೇ ಒಳ್ಳೇ ಇಂಜಿನ್‌ನ ಗುಜರಿಗೆ ಹಾಕ್ದೋರೂ ಇದಾರೆ.

ಬೀಡುಕಬ್ಬಿಣ

ಎಚ್‌ಪಿ ನಂಬರ್ ನೋಡಿ ಮೋಸ ಹೋಗ್ಬೇಡಿ ಗುರು. ಆ ಜಿಎಕ್ಸ್390ನ ಮೊದ್ಲು 13 ಅಂತ ಮಾರ್ತಿದ್ರು, ಆಮೇಲೆ ನೆಟ್ ಲೆಕ್ಕ ಬಂದ ಮೇಲೆ ಅದೇ ಇಂಜಿನ್ 3600 ಆರ್‌ಪಿಎಂಗೆ 11.7 ಅಂತ ಆಯ್ತು. ಅದು ಬಿಡಿ, ಒಳಗಿನ ಅಳತೆ ನೋಡಿ. ಕೆ301 ಸುಮಾರು 477 ಸಿಸಿ, ಸ್ಟ್ರೋಕು (ಪಿಸ್ಟನ್ ಓಡಾಡೋ ದೂರ) 82.5 ಮಿ.ಮೀ, ಮೇಲೆ ಎತ್ತೋಕೆ ಭಾರ ಅನ್ನಿಸೋ ಫ್ಲೈವೀಲು. ಜಿಎಕ್ಸ್390 ಅಂದ್ರೆ 389 ಸಿಸಿ, ಸ್ಟ್ರೋಕು 64. ದಟ್ಟ ಹುಲ್ಲಿಗೆ ನುಗ್ಗಿದಾಗ ಹಳೇದು ಡುಗ್ ಡುಗ್ ಅಂತ ಎಳ್ಕೊಂಡು ಹೋಗುತ್ತೆ, ಹೊಸದು ಆರ್‌ಪಿಎಂ ಇಳಿದ ತಕ್ಷಣ ಗವರ್ನರ್ ಥ್ರಾಟಲ್ ತೆಗೆದು ಚೀರುತ್ತೆ. ಕೆಲ್ಸ ಆಗಲ್ಲ ಅಂತಲ್ಲ, ಆದ್ರೆ ಅದೇ ಗತ್ತು ಬರಲ್ಲ.

ನನ್ನ ಕೇಳಿದ್ರೆ ಬೋರ್ ಮಾಡ್ಸಿ, ಅಂದ್ರೆ ಸವೆದ ಸಿಲಿಂಡರ್ ಗೋಡೆ ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕ್ಸಿ. ಬೀಡಿನ ಬ್ಲಾಕು, 10, 20, 30 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜ್ ಪಿಸ್ಟನ್ ಸಿಗುತ್ತೆ. ಕನೆಕ್ಟಿಂಗ್ ರಾಡಿಗೆ ಬೇರಿಂಗ್ ಬುಷ್ ಇಲ್ಲ, ಅಲ್ಯೂಮಿನಿಯಂ ರಾಡೇ ನೇರ ಕ್ರ್ಯಾಂಕ್‌ಪಿನ್ ಮೇಲೆ ಓಡೋದು, ಪಿನ್ ಸವೆದಿದ್ರೆ 10 ಥೌ ಗ್ರೈಂಡ್ ಮಾಡ್ಸಿ ಅಂಡರ್‌ಸೈಜ್ ರಾಡ್ ಹಾಕೋದು. ಒಳಗೆ ಬ್ಯಾಲೆನ್ಸ್ ಗೇರ್ ಇದ್ರೆ ಮಾತ್ರ ವಾಪಸ್ ಹಾಕ್ಬೇಡಿ, ಅದು ಮುರಿದ್ರೆ ಬ್ಲಾಕನ್ನೇ ಕರ್ಕೊಂಡು ಹೋಗುತ್ತೆ ಅಂತ ಹಳೇ ಮೆಕ್ಯಾನಿಕ್‌ಗಳು ಅದನ್ನ ಬಿಟ್ಟೇ ಕಟ್ತಾರೆ, ಸ್ವಲ್ಪ ಅಲುಗಾಟ ಜಾಸ್ತಿ ಆಗುತ್ತೆ ಅಷ್ಟೆ.

ಹುಲ್ಲುಹಾಸು

ಟೆಸ್ಟ್ ಮಾಡ್ದೆ. ವಾಲ್ವ್ ಕಡೆ ಏನೂ ಇಲ್ಲ, ಆಯಿಲ್ ಕಡ್ಡಿ ತೂತಲ್ಲಿ ಗಾಳಿ ಧಾರಾಳವಾಗಿ ಬರ್ತಿದೆ. ಬ್ರೀದರ್ ತೊಳೆದು ಹಾಕಿದೆ, ವ್ಯತ್ಯಾಸ ಇಲ್ಲ. ಹಾಗಾದ್ರೆ ಬೋರ್ ಮಾಡ್ಸೋಣ ಅಂತ ಹೆಡ್ ಎತ್ತಿದ್ರೆ, ಪಿಸ್ಟನ್ ತಲೆ ಮೇಲಿನ ಕಾರ್ಬನ್ ಕೆರೆದಾಗ .030 ಅಂತ ಪಂಚ್ ಮಾಡಿರೋದು ಕಾಣಿಸ್ತು. ಅಂದ್ರೆ ಯಾರೋ ಆಗ್ಲೇ ಕೊನೇ ಸೈಜಿಗೆ ಬೋರ್ ಮಾಡ್ಸಿದಾರೆ. ಗೋಡೆ ಮೇಲೆ ಉಗುರಿಗೆ ಸಿಗೋ ಅಷ್ಟು ಉದ್ದುದ್ದ ಗೀರು ಬೇರೆ. ಈಗೇನ್ ಮಾಡ್ಲಿ?

ಬೀಡುಕಬ್ಬಿಣ

30 ಥೌ ಆಗಿದ್ರೆ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸೋ ಹೊಸ ಕೊಳವೆ) ಹೊಡೆಸ್ಬೇಕು, ಬೀಡಾಗಿರೋದ್ರಿಂದ ಆಗುತ್ತೆ, ಆದ್ರೆ ಅದು ಒಳ್ಳೇ ಲೇತ್ ಕೆಲಸದವನ ಕೈಗೆ ಕೊಡ್ಬೇಕಾದ ಕೆಲ್ಸ. ಸ್ಲೀವು, ಪಿಸ್ಟನ್ನು, ರಾಡು, ಪಿನ್ ಗ್ರೈಂಡಿಂಗು ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಹೊಸ ಇಂಜಿನ್ ಕಡೆ ತಕ್ಕಡಿ ವಾಲುತ್ತೆ ಅಂತ ನಾನೂ ಒಪ್ತೀನಿ. ಹಳೇದನ್ನ ಎಸೀಬೇಡಿ, ಕಾರ್ಬುರೇಟರು, ಸೆಲ್ಫು, ಫ್ಲೈವೀಲಿಗೆ ಗಿರಾಕಿ ಇರ್ತಾರೆ.

ಬೆಲ್ಟುಪುಲ್ಲಿ

ಹಾಗಾದ್ರೆ ಒಂದು ವಿಷಯ ಮೊದ್ಲು ನೋಡಿ ಮಾರಾಯ್ರೆ, ನಿಮ್ಮ ಟ್ರ್ಯಾಕ್ಟರ್ ಪವರ್ ತಗೊಳ್ಳೋದು ಇಂಜಿನ್‌ನ ಯಾವ ತುದಿಯಿಂದ? ಪುಲ್ಲಿ ಇರೋ ಶಾಫ್ಟ್ ತುದಿಯಿಂದಲಾ, ಫ್ಲೈವೀಲ್ ತುದಿಯಿಂದಲಾ? ಕೆಲವು ಟ್ರ್ಯಾಕ್ಟರಲ್ಲಿ ಫ್ಲೈವೀಲ್ ಕಡೆಯಿಂದ ಡ್ರೈವ್ ಶಾಫ್ಟ್ ಹಿಂದಕ್ಕೆ ಗೇರ್‌ಬಾಕ್ಸಿಗೆ ಹೋಗುತ್ತೆ. ಹಳೇ ಕೊಹ್ಲರ್ರೂ ಈ ಹೊಸ ಇಂಜಿನ್ನೂ ಶಾಫ್ಟ್ ತುದಿಗೆ ಎದುರು ನಿಂತು ನೋಡಿದ್ರೆ ಗಡಿಯಾರಕ್ಕೆ ಉಲ್ಟಾ ದಿಕ್ಕಿಗೇ ತಿರುಗೋದು, ಅಲ್ಲಿ ತಕರಾರಿಲ್ಲ. ಆದ್ರೆ ಫ್ಲೈವೀಲ್ ಇದ್ದ ಜಾಗಕ್ಕೆ ಹೊಸದರ ಶಾಫ್ಟ್ ತುದಿ ಬರೋ ಹಾಗೆ ಇಂಜಿನ್ ತಿರುಗಿಸಿ ಕೂರಿಸಿದ್ರೆ ಡ್ರೈವ್ ಉಲ್ಟಾ ಆಗುತ್ತೆ, ಮುಂದಿನ ಗೇರೆಲ್ಲ ಹಿಂದಕ್ಕೆ, ರಿವರ್ಸ್ ಒಂದೇ ಮುಂದಕ್ಕೆ! ಬೋಲ್ಟೆಲ್ಲ ಬಿಗಿದು ಕ್ಲಚ್ ಬಿಟ್ಟ ಮೇಲೆ ಇದು ಗೊತ್ತಾಗಬಾರದು.

ಶಾಫ್ಟ್ ಅಳತೆ ವರ್ನಿಯರಲ್ಲೇ ತಗೊಳ್ಳಿ, ಟೇಪಲ್ಲಿ ಬೇಡ. ಹೊಸದು ಒಂದಿಂಚು, ಅಂದ್ರೆ 25.4 ಮಿ.ಮೀ, ಜಿಎಕ್ಸ್390ಲ್ಲಿ 25 ಮಿ.ಮೀ ಶಾಫ್ಟಿಂದೂ ಬರುತ್ತೆ, ಕಣ್ಣಿಗೆ ಎರಡೂ ಒಂದೇ ತರ. ಬೇಸಿಂದ ಶಾಫ್ಟ್ ಸೆಂಟರಿಗೆ ಎತ್ತರನೂ ಅಳೀರಿ, ವ್ಯತ್ಯಾಸ ಇದ್ರೆ ದಪ್ಪ ಪ್ಲೇಟ್ ಹಾಕಿ ಎತ್ತಬೇಕು, ಬೋಲ್ಟ್ ತೂತು ಹೇಗೂ ಹೊಸದಾಗಿ ಹೊಡೀಬೇಕಾಗುತ್ತೆ. ಪುಲ್ಲಿ ಲೈನ್ ತಪ್ಪಿದ್ರೆ ಬೆಲ್ಟ್ ಅಂಚು ತಿನ್ಕೊಂಡು ಬಿಸಾಕುತ್ತೆ.

ಹಳೇ ಪುಲ್ಲಿ ಕಿತ್ತು ಬರಲ್ಲ ಅಂತ ಸುತ್ತಿಗೆ ಹಿಡೀಬೇಡಿ, ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿ ಬಿಟ್ಟು ಪುಲ್ಲರ್ ಹಾಕಿ.

ಹುಲ್ಲುಹಾಸು

ನಂದು ಪುಲ್ಲಿ ತುದಿಯಿಂದಲೇ ಬೆಲ್ಟ್, ಬಚಾವ್. ಶಾಫ್ಟು ವರ್ನಿಯರಲ್ಲಿ 28.5 ಚಿಲ್ಲರೆ ಬಂತು, ಅಂದ್ರೆ ಒಂದೂ ಎಂಟನೇ ಒಂದಿಂಚು. ಹಳೇ ಪುಲ್ಲಿಗೆ ಬುಷ್ ಹಾಕ್ಲಾ? ಬ್ಲೇಡಿಗೆ ಕರೆಂಟ್ ಕ್ಲಚ್ ಇದೆ, ಅದೂ ಇದೇ ಶಾಫ್ಟಲ್ಲಿ ಕೂತಿದೆ. ಬ್ಯಾಟರಿ ಇಗ್ನಿಷನ್, ಪಾಯಿಂಟ್ ಕಾಯಿಲ್ ಇರೋದು.

ಕೆಂಪುವೈರ್

ಬುಷ್ ಗೋಡೆ ಒಂದೂವರೆ ಮಿ.ಮೀ ಅಷ್ಟೇ ಬರುತ್ತೆ. ಶಾಫ್ಟಲ್ಲಿ ಪುಲ್ಲಿ ಜಾರದ ಹಾಗೆ ಹಿಡಿಯೋ ಕೀ ಎರಡಕ್ಕೂ ಕಾಲಿಂಚಿಂದೇ, ಹಾಗಾಗಿ ಪುಲ್ಲಿಗೆ ಬುಷ್ ನಡೆಯುತ್ತೆ, ಕ್ಲಚ್ಚಿಗೆ ಮಾತ್ರ ಒಂದಿಂಚು ಬೋರಿಂದೇ ತಗೊಳ್ಳಿ.

ಈಗ ವೈರಿಂಗು, ಇಲ್ಲೇ ಜಾಸ್ತಿ ಜನ ಕಾಯಿಲ್ ಸುಡೋದು. ನಿಮ್ಮ ಹಳೇ ಇಂಜಿನಲ್ಲಿ ಕೀ ಆನ್ ಮಾಡಿದ್ರೆ 12 ವೋಲ್ಟ್ ಕಾಯಿಲಿಗೆ ಹೋಗುತ್ತೆ, ಆಫ್ ಮಾಡಿದ್ರೆ ಕಟ್ ಆಗುತ್ತೆ, ಇಂಜಿನ್ ನಿಲ್ಲುತ್ತೆ. ಹೊಸದು ಮ್ಯಾಗ್ನೆಟೋ, ಫ್ಲೈವೀಲಿನ ಮ್ಯಾಗ್ನೆಟ್‌ನಿಂದಲೇ ಕಿಡಿ ಹುಟ್ಟೋದು, ಅದಕ್ಕೆ ಬ್ಯಾಟರಿನೇ ಬೇಡ, ನಿಲ್ಲಿಸ್ಬೇಕಂದ್ರೆ ಅದರ ಕಿಲ್ ವೈರನ್ನ ಬಾಡಿಗೆ ಅರ್ಥ್ ಮಾಡ್ಬೇಕು. ಅಂದ್ರೆ ಪೂರ್ತಿ ತದ್ವಿರುದ್ಧ. ಹಳೇ ಕಾಯಿಲಿನ ವೈರ್ ಖಾಲಿ ಇದೆ ಅಂತ ಅದನ್ನ ತಂದು ಕಿಲ್ ವೈರಿಗೆ ಸಿಕ್ಕಿಸಿದ್ರೆ 12 ವೋಲ್ಟ್ ಮ್ಯಾಗ್ನೆಟೋ ಕಾಯಿಲಿಗೆ ನುಗ್ಗಿ ಹೊಸ ಕಾಯಿಲ್ ಢಮಾರ್.

ಮ್ಯಾಗ್ನೆಟೋ ಟೈಪ್ ಕೀ ಸ್ವಿಚ್ ಹಾಕಬಹುದು, ಆದ್ರೆ ನನಗೆ ಇಷ್ಟ ಆಗೋದು ಐದು ಪಿನ್ನಿನ ಸಾದಾ ರಿಲೇ. ಹಳೇ ಕಾಯಿಲ್ ವೈರ್ 86ಕ್ಕೆ, 85 ಅರ್ಥ್, ಕಿಲ್ ವೈರ್ 30ಕ್ಕೆ, 87ಎ ಅರ್ಥ್, 87 ಖಾಲಿ. ಕೀ ಆನ್ ಆದ್ರೆ ರಿಲೇ ಎಳೆದು ಕಿಲ್ ವೈರ್ ಬಿಡುಗಡೆ ಆಗುತ್ತೆ, ಆಫ್ ಆದ್ರೆ ಅರ್ಥ್ ಆಗಿ ಇಂಜಿನ್ ನಿಲ್ಲುತ್ತೆ. ಸೀಟಿನ ಸೇಫ್ಟಿ ಸ್ವಿಚ್ ಆ ಹಳೇ ಕಾಯಿಲ್ ಲೈನಲ್ಲೇ ಇದ್ರೆ ಅದೂ ಹಾಗೇ ಕೆಲ್ಸ ಮಾಡುತ್ತೆ, ದಯವಿಟ್ಟು ಅದನ್ನ ಬೈಪಾಸ್ ಮಾಡ್ಬೇಡಿ. ಬ್ಯಾಟರಿ ಪೂರ್ತಿ ಬಿದ್ರೆ ಮಾತ್ರ ರಿಲೇ ಬಿಟ್ಟು ಇಂಜಿನ್ನೂ ನಿಲ್ಲುತ್ತೆ.

ಬ್ಯಾಟರಿ ಮಾತು ಬಂತಲ್ಲ, ಇಂಜಿನ್ ತಗೊಳ್ಳುವಾಗ ಚಾರ್ಜಿಂಗ್ ಕಾಯಿಲ್ ಎಷ್ಟು ಆಂಪಿಯರ್ ಅಂತ ಕೇಳಿ. ಬ್ಲೇಡ್ ಕ್ಲಚ್ಚೇ ಸುಮಾರು 4 ಆಂಪಿಯರ್ ಎಳೆಯುತ್ತೆ. 1 ಅಥವಾ 3 ಆಂಪಿಯರಿನ ಚಿಕ್ಕ ಕಾಯಿಲ್ ಬಂದ್ರೆ ಹುಲ್ಲು ಕೊಯ್ತಾ ಕೊಯ್ತಾನೇ ಬ್ಯಾಟರಿ ಇಳಿಯುತ್ತೆ, ನೀವು ಬ್ಯಾಟರಿನ ಬೈಕೊಂಡು ಕೂರ್ತೀರ. 10 ಅಥವಾ 18 ಆಂಪಿಯರಿಂದೇ ಹುಡುಕಿ.

ಹುಲ್ಲುಹಾಸು

ಕಿಲ್ ವೈರ್ ವಿಷಯ ನನಗೆ ಸುತರಾಂ ಗೊತ್ತಿರ್ಲಿಲ್ಲ ಅಣ್ಣ, ಥ್ಯಾಂಕ್ಸ್. 18 ಆಂಪಿಯರ್ ಇರೋದನ್ನೇ ಆರ್ಡರ್ ಮಾಡ್ತೀನಿ. ಪೆಟ್ರೋಲ್ ಟ್ಯಾಂಕ್ ಇಂಜಿನ್ ಮೇಲೇ ಇದೆಯಲ್ಲ ಅದ್ರಲ್ಲಿ, ಬಾನೆಟ್ ಮುಚ್ಚೋಕೆ ಆಗುತ್ತಾ?

ಬೆಲ್ಟುಪುಲ್ಲಿ

ಸಾಮಾನ್ಯ ಮುಚ್ಚಲ್ಲ, ಮುಚ್ಚಿದ್ರೂ ಆ ಬಿಸಿಗೆ ಟ್ಯಾಂಕ್ ಅಲ್ಲಿ ಬೇಡ. ಟ್ರ್ಯಾಕ್ಟರಿನ ಟ್ಯಾಂಕನ್ನೇ ಬಳಸಿ. ಅದು ಕಾರ್ಬುರೇಟರಿಗಿಂತ ಕೆಳಗಿದ್ರೆ ಪೆಟ್ರೋಲ್ ತಾನಾಗೇ ಇಳಿಯಲ್ಲ, ಕ್ರ್ಯಾಂಕ್‌ಕೇಸಿನ ಒತ್ತಡದಲ್ಲಿ ಓಡೋ ಚಿಕ್ಕ ಪಲ್ಸ್ ಪಂಪ್ ಹಾಕ್ಬೇಕು. ಸೈಲೆನ್ಸರ್ ಬಾಯಿ ಯಾವ ಕಡೆ ಬರುತ್ತೆ ಅಂತಲೂ ನೋಡಿ, ಬಾನೆಟ್ ತಗಡಿಗೋ ಪೆಟ್ರೋಲ್ ಪೈಪಿಗೋ ಹೊಡೀತಿದ್ರೆ ಬೆಂಡ್ ಬೆಸುಗೆ ಹಾಕ್ಸಿ. ಫ್ಲೈವೀಲ್ ಫ್ಯಾನ್ ಗಾಳಿ ಎಳೆಯೋ ಕಡೆ ಏನೂ ಅಡ್ಡ ಇರಬಾರದು.

ಆಮೇಲೆ ಹೊಸ ಇಂಜಿನ್ ಪೆಟ್ಟಿಗೆಯಲ್ಲಿ ಆಯಿಲ್ ಇಲ್ಲದೇ ಬರುತ್ತೆ. 1.1 ಲೀಟರ್ ಹಾಕಿ, ಕಡ್ಡಿ ನೋಡಿ, ಆಮೇಲೇ ಕೀ ಮುಟ್ಟಿ.