ಐಸ್ 45 ಸೆಂ.ಮೀ. ದಪ್ಪ ಇದೆ, ಇನ್ನೂ ಮೀನು ಹಿಡಿಯಲು ಹೋಗಬಹುದಾ?

ಪ್ರಶ್ನೆ (ಗಾಳದಗೀಳು): ದೊಡ್ಡ ಸಿಹಿನೀರಿನ ಸರೋವರ, ಚಳಿಗೆ ಮೇಲೆ ಹೆಪ್ಪುಗಟ್ಟಿದೆ, ಐಸ್ ಮೇಲೆ ಕೂತು ತೂತು ಕೊರೆದು ಗಾಳ ಹಾಕುತ್ತೇನೆ. ಚಳಿಗಾಲದ ನಡುವೆ ದಡದಿಂದ ದೂರ, ಆಳದಲ್ಲಿ ಪರ್ಚ್ ಮೀನು ಚೆನ್ನಾಗಿ ಸಿಗುತ್ತಿತ್ತು. ಈಗ ಅದೇ ಜಾಗದಲ್ಲಿ ಎಷ್ಟು ತೂತು ಕೊರೆದರೂ ಒಂದೂ ಕಚ್ಚುತ್ತಿಲ್ಲ. ಹಗಲು ಬಿಸಿಲು ಜೋರು, ಐಸ್ ಮೇಲೆ ನೀರು ನಿಲ್ಲುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಅಳೆದರೆ 45 ಸೆಂ.ಮೀ. ಇದೆ. ಇಷ್ಟು ದಪ್ಪ ಇದ್ದ ಮೇಲೆ ಭಯ ಇಲ್ಲ ಅಲ್ವಾ? ಮೀನು ಎಲ್ಲಿಗೆ ಹೋದವು?

ತಿಳಿನೀರು: ಮೀನು ದಡದ ಕಡೆ ಬರುತ್ತಿವೆ. ಪರ್ಚ್ ಮೊಟ್ಟೆ ಇಡುವುದು ಐಸ್ ಕರಗಿದ ಮೇಲೆ, ಆದರೆ ಅದಕ್ಕೆ ತಯಾರಿ ಈಗಲೇ ಶುರು. ಆಳ ಬಿಟ್ಟು ಕೊಲ್ಲಿಗಳ ಬಾಯಿಗೆ, ಕಳೆ ಇರುವ ಕಡೆಗೆ ಗುಂಪುಗುಂಪಾಗಿ ಬರುತ್ತವೆ. ಹಿಮ ಮುಚ್ಚಿದ ಐಸ್ ಕೆಳಗೆ ಬೆಳಕು ಹೋಗುವುದಿಲ್ಲ, ಕೊಳೆತ ಗಿಡಗಳು ಆಮ್ಲಜನಕ ತಿಂದು ಹಾಕುತ್ತವೆ, ಹಾಗಾಗಿ ಆಳವಿಲ್ಲದ ಕೊಲ್ಲಿಗಳಲ್ಲಿ ಕರಗಿದ ನೀರು ಆಮ್ಲಜನಕ ಹೊತ್ತು ಹರಿದು ಬರುವ ಜಾಗ ಮೀನುಗಳಿಗೆ ಹಿತ. 2ರಿಂದ 4 ಮೀಟರ್ ಆಳದಲ್ಲಿ ಸಣ್ಣ ಟಂಗ್‌ಸ್ಟನ್ ಜಿಗ್ (ಭಾರದ ಲೋಹದ ತಲೆ ಇರುವ ಗಾಳದ ಕೊಕ್ಕೆ) ಬಿಟ್ಟು ನೋಡಿ. ಜೋರಾಗಿ ಎಳೆಯಬೇಡಿ, ಸುಮ್ನೆ ಸ್ವಲ್ಪ ನಡುಗಿಸಿದರೆ ಸಾಕು.

ಐಸ್‌ಕೋಲು: ಮೇಲಿನವರು ಹೇಳಿದ್ದು ಸರಿ, ಆದರೆ ಮೀನು ಬರುವ ಆ ಜಾಗದಲ್ಲೇ ಐಸ್ ಮೊದಲು ಕೆಡುವುದು. ಹೊಳೆ ಸೇರುವ ಕಡೆ ಹರಿವು ಕೆಳಗಿನಿಂದ ಕೊರೆಯುತ್ತದೆ, ದಡದ ಅಂಚು ಬಿಸಿಲಿಗೆ ಬೇಗ ಬಿಟ್ಟುಕೊಳ್ಳುತ್ತದೆ.

45 ಸೆಂ.ಮೀ. ಅನ್ನುವ ಲೆಕ್ಕವನ್ನು ಈಗ ನಂಬಬೇಡಿ. ಹೊಸದಾಗಿ ಕಟ್ಟಿದ ಗಾಜಿನಂಥ ಐಸ್ 10 ಸೆಂ.ಮೀ. ಇದ್ದರೆ ನಡೆಯಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಹಿಮ ಬೆರೆತ ಬಿಳಿ ಐಸ್‌ಗೆ ಅದರ ಅರ್ಧ ಬಲ ಅಂತ ಲೆಕ್ಕ. ಚಳಿಗಾಲದ ಕೊನೆಯ ಐಸ್ ಕಥೆಯೇ ಬೇರೆ. ಬಿಸಿಲು ಹರಳುಗಳ ನಡುವಿನ ಸಂದುಗಳನ್ನು ಕರಗಿಸುತ್ತದೆ, ಕೊನೆಗೆ ಉದ್ದುದ್ದ ಕಡ್ಡಿಗಳು ಪಕ್ಕಪಕ್ಕ ನಿಂತ ಹಾಗೆ ಆಗುತ್ತದೆ, ದಪ್ಪ ಹಾಗೇ ಇರುತ್ತದೆ ಆದರೆ ಕಾಲಿಟ್ಟರೆ ಕಡ್ಡಿಗಳು ಬಿಟ್ಟುಕೊಂಡು ಒಮ್ಮೆಲೇ ಕುಸಿಯುತ್ತದೆ, ಬಿರುಕು ಬಿಡುವ ಸದ್ದು ಕೂಡ ಬರದೇ ಇರಬಹುದು. ಬಣ್ಣ ಕಪ್ಪು ಇಲ್ಲವೇ ಬೂದಿಯಾಗಿದ್ದರೆ ಹತ್ತಿರ ಹೋಗಬೇಡಿ. ಕಬ್ಬಿಣದ ಮೊನೆ ಇರುವ ಕೋಲಿನಿಂದ ಮುಂದೆ ಕುಟ್ಟಿಕೊಂಡೇ ಹೋಗಿ. ಒಂದೇ ಏಟಿಗೆ ತೂತಾದರೆ ಬಂದ ಹೆಜ್ಜೆಯಲ್ಲೇ ವಾಪಸ್. ಬೆಳಗ್ಗೆ ಗಟ್ಟಿ ಇದ್ದದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ.

ಗಾಳದಗೀಳು: ತುಂಬಾ ಥ್ಯಾಂಕ್ಸ್. ಹಾಗಾದರೆ ದಡದ ಸಹವಾಸ ಬಿಟ್ಟು, ಬೆಳಗ್ಗೆ ಬೇಗ ಹೋಗಿ ನಡುವೆಯೇ ಕೂತರೆ?

ಗಾಳಿದಿಕ್ಕು: ದೊಡ್ಡ ಸರೋವರದಲ್ಲಿ ಅದಕ್ಕೆ ಗಾಳಿ ನೋಡಬೇಕು. ದಡದಿಂದ ನೀರಿನ ಕಡೆಗೆ ಗಾಳಿ ಬೀಸಿದರೆ ಇಡೀ ಐಸ್ ಹಾಳೆಯೇ ಕಿತ್ತುಕೊಂಡು ತೇಲಿ ಹೋಗುತ್ತದೆ. 2009ರ ಫೆಬ್ರವರಿಯಲ್ಲಿ ಅಮೆರಿಕದ ಈರಿ ಸರೋವರದಲ್ಲಿ, ಒಹಾಯೊ ದಡದ ಹತ್ತಿರ ಹೀಗೇ ಆಯಿತು. ಐಸ್ ದಪ್ಪವಾಗಿಯೇ ಇತ್ತು, ಆದರೂ ಬಿರುಕು ಅಗಲವಾಗಿ ನೂರಕ್ಕೂ ಹೆಚ್ಚು ಜನ ಸಿಕ್ಕಿಕೊಂಡರು, ಹೆಲಿಕಾಪ್ಟರ್ ತಂದು ಕಾಪಾಡಬೇಕಾಯಿತು. ಒಬ್ಬರು ತೀರಿಕೊಂಡರು. ಹೋಗುವಾಗ ದಾಟಿದ ಬಿರುಕನ್ನು ಆಗಾಗ ಬಂದು ನೋಡಿ. ಅಗಲವಾಗಿದ್ದರೆ ಸಾಮಾನು ಬಿಟ್ಟು ಎದ್ದು ಬನ್ನಿ.

ಐಸ್‌ಕೋಲು: ಒಂಟಿಯಾಗಿ ಹೋಗಲೇಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಐಸ್ ಮೊಳೆಗಳನ್ನು (ಐಸ್‌ಗೆ ಚುಚ್ಚಿ ಹಿಡಿದುಕೊಳ್ಳಲು ಹಿಡಿಕೆ ಇರುವ ಚೂಪು ಮೊಳೆಗಳು) ಕುತ್ತಿಗೆಗೆ ನೇತುಹಾಕಿ, ಚೀಲದಲ್ಲಿ ಅಲ್ಲ. ಬಿದ್ದರೆ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತರಲು ಮಾತ್ರ. ಆಮೇಲೆ ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿಯುತ್ತಾ ಮೇಲೆ ಜಾರಿ. ಮೇಲೆ ಬಂದ ಕೂಡಲೇ ಎದ್ದು ನಿಲ್ಲಬೇಡಿ, ಉರುಳಿಕೊಂಡೇ ದೂರ ಹೋಗಿ.