ಹಳೆಯ ಸ್ಟೀರಿಯೊ, ಕೈಯಲ್ಲಿ 25,000 ರೂಪಾಯಿ: ಮೊದಲು ಏನನ್ನು ಬದಲಿಸಲಿ?

ಪ್ರಶ್ನೆ, ಶಿವಮೊಗ್ಗದಿಂದ:
ತೊಂಬತ್ತರ ದಶಕದ ಆಂಪ್ಲಿಫೈಯರ್, ಎಂಟು ಇಂಚಿನ ವೂಫರ್ (ತಗ್ಗಿನ ನಾದದ ದೊಡ್ಡ ಸ್ಪೀಕರ್ ಭಾಗ) ಇರುವ ಒಂದು ಜೊತೆ ಸ್ಪೀಕರ್ ನಮ್ಮ ಮನೆಯಲ್ಲಿವೆ. ಕೋಣೆ 10 ಅಡಿಗೆ 12 ಅಡಿ. ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ಗಾಯನ, ಭಾವಗೀತೆ. ಮೊಬೈಲಿನಿಂದ ಬ್ಲೂಟೂತ್ ಮೂಲಕ. ಈಚೆಗೆ ತಬಲಾದ ಎಡ (ಡಗ್ಗಾ) ಒಡಕು ಮಡಕೆ ಬಡಿದಂತೆ ಕೇಳಿಸುತ್ತಿದೆ. ಅಂಗಡಿಯವರು ಆಂಪ್ಲಿಫೈಯರ್ ಬದಲಿಸಿ ಎನ್ನುತ್ತಾರೆ. ಅನುಭವಿಗಳು ಏನು ಹೇಳುತ್ತೀರಿ?

ಮಂಗಳೂರಿನಿಂದ:
ಆಂಪ್ಲಿಫೈಯರ್ ಮೇಲೆ ಅಪವಾದ ಹೊರಿಸುವುದಕ್ಕೆ ಮುಂಚೆ ಎಲ್ಲವನ್ನೂ ಆಫ್ ಮಾಡಿ, ಎಡ ಬಲ ಸ್ಪೀಕರ್‌ಗಳ ತಂತಿಗಳನ್ನು ಅದರ ಹಿಂಭಾಗದಲ್ಲಿ ಅದಲು ಬದಲು ಮಾಡಿ. ಒಡಕು ಸದ್ದು ಅದೇ ಪೆಟ್ಟಿಗೆಯಲ್ಲಿ ಉಳಿದರೆ ದೋಷ ಸ್ಪೀಕರಿನದು. ಇನ್ನೊಂದಕ್ಕೆ ದಾಟಿದರೆ ಮಾತ್ರ ಆಂಪ್ಲಿಫೈಯರನ್ನು ಅನುಮಾನಿಸಿ. ಆಮೇಲೆ ಮುಂದಿನ ಬಟ್ಟೆಯ ಚೌಕಟ್ಟು ಕಳಚಿ, ವೂಫರಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ರಬ್ಬರ್ ಆದರೆ ಬಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಹಳೆಯ ಫೋಮ್ ಆದರೆ ಅಂಟಂಟಾದ ಕಪ್ಪು ಪುಡಿ ಬೆರಳಿಗೆ ಹತ್ತುತ್ತದೆ, ಅಂದರೆ ಅಂಚು ಹಾಳಾಗಿದೆ. ನಮ್ಮ ಕರಾವಳಿಯ ತೇವದಲ್ಲಿ ಫೋಮ್ ಹದಿನೈದು ವರ್ಷ ಬಾಳಿದರೆ ಅದೇ ಪುಣ್ಯ. ನಿಮ್ಮ ಮಲೆನಾಡಿನ ಮಳೆಯೂ ಏನು ಕಡಿಮೆಯೇ?

ಬೆಂಗಳೂರಿನಿಂದ:
ಮೇಲಿನವರ ಮಾತು ಸರಿ. ವ್ಯಾಟ್‌ಗಳ ಆಸೆಗೆ ಬೀಳಬೇಡಿ. 40 ವ್ಯಾಟ್ ಇದ್ದಲ್ಲಿ 80 ಬಂದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ. ಹೊಸ ಸ್ಪೀಕರನ್ನೇ ಕೊಳ್ಳುವುದಾದರೆ 87ರ ಬದಲು 90 ಡೆಸಿಬೆಲ್ ಸಂವೇದನೆ (ಅಷ್ಟೇ ಶಕ್ತಿಗೆ ಎಷ್ಟು ಸದ್ದು ಕೊಡುತ್ತದೆ ಎಂಬ ಅಳತೆ) ಇರುವುದನ್ನು ಆರಿಸಿ. ಆ 3 ಡೆಸಿಬೆಲ್ ಪುಕ್ಕಟೆ ಸಿಕ್ಕಿತು. ಓಮ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಮಾತ್ರ ನೋಡಿಕೊಳ್ಳಿ: ಆಂಪ್ಲಿಫೈಯರ್ ಹಿಂದೆ ಕನಿಷ್ಠ 8 ಎಂದು ಬರೆದಿದ್ದರೆ 4 ಓಮ್‌ನ ಜೋಡಿ ಬೇಡ. ತಂತಿಗೆ ಸಾವಿರಗಟ್ಟಲೆ ಸುರಿಯುವವರನ್ನು ಕಂಡರೆ ನನಗೆ ಮರುಕ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್‌ನ ತಾಮ್ರದ ತಂತಿ ನಿಮ್ಮ ಕೋಣೆಗೆ ಧಾರಾಳ.

ಹುಬ್ಬಳ್ಳಿಯಿಂದ:
ನನ್ನದು ಬೇರೆ ಅಭಿಪ್ರಾಯ. ಆಂಪ್ಲಿಫೈಯರಿನೊಳಗೆ ವಿದ್ಯುತ್ ಹಿಡಿದಿಡುವ ಮೂವತ್ತು ವರ್ಷದ ಕೆಪಾಸಿಟರ್‌ಗಳನ್ನು ನಂಬಿಕೊಂಡು ಎಷ್ಟು ದಿನ ರಿಪೇರಿ ಮಾಡಿಸುತ್ತೀರಿ? ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಜೋಡಿ ನಿಮ್ಮ ಹಣದಲ್ಲೇ ಬರುತ್ತದೆ. ಹಳೆಯದನ್ನು ಮಾರಿಬಿಡಿ.

ಧಾರವಾಡದಿಂದ:
ಮಾರುವ ಮಾತು ಆಮೇಲೆ. ಮೊದಲು ಪೆಟ್ಟಿಗೆಗಳು ಎಲ್ಲಿವೆ ಎಂದು ಹೇಳಿ. ಶೋಕೇಸಿನ ಎರಡು ಮೂಲೆಗಳಲ್ಲಿ ತುರುಕಿದ್ದರೆ ಯಾವ ಸ್ಪೀಕರ್ ತಂದರೂ ಅಷ್ಟೇ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ನಾದ ತಾನಾಗಿಯೇ ಉಬ್ಬುತ್ತದೆ. ಮೂಲೆ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ. ತಬಲಾದ ಎಡ ಗುಮ್ಮೆನ್ನುವುದೂ, ಗಾಯಕರ ಖರ್ಜ (ಮಂದ್ರದ ಸ್ವರಗಳು) ಮಸುಕಾಗುವುದೂ ಅದರಿಂದಲೇ. ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ತನ್ನಿ, ಟ್ವೀಟರ್ (ಏರುನಾದದ ಚಿಕ್ಕ ಸ್ಪೀಕರ್ ಭಾಗ) ಕಿವಿಯ ಮಟ್ಟಕ್ಕೆ ಬರಲಿ, ನೀವೂ ಎರಡು ಸ್ಪೀಕರ್‌ಗಳೂ ಸಮಬಾಹು ತ್ರಿಕೋನದಲ್ಲಿರಿ. ನೆಲ ಟೈಲ್ಸಿನದಾದರೆ ನಡುವೆ ಜಮಖಾನ ಹಾಸಿ. ಪರೀಕ್ಷೆಗೆ ತಂಬೂರಿಗಿಂತ ಒಳ್ಳೆಯದಿಲ್ಲ: ಗಾಯನ ಶುರುವಾಗುವ ಮುಂಚಿನ ಅರ್ಧ ನಿಮಿಷದಲ್ಲಿ ನಾಲ್ಕು ತಂತಿಗಳ ಮೀಟು ಬೇರೆ ಬೇರೆಯಾಗಿ ಕೇಳಿಸಬೇಕು. ಬರೀ ಗುಂಯ್ ಎಂದರೆ ಪೆಟ್ಟಿಗೆಗಳನ್ನು ಇನ್ನಷ್ಟು ಸರಿಸಿ.

ಮೈಸೂರಿನಿಂದ:
ಬ್ಲೂಟೂತ್ ಬದಲು ಫೋನಿಗೆ ಹೆಡ್‌ಫೋನ್ ತೂತು ಇರುವ ಚಿಕ್ಕ ಟೈಪ್ ಸಿ ಡಾಂಗಲ್ ಹಾಕಿ, ಅಲ್ಲಿಂದ ತಂತಿಯಲ್ಲೇ ಆಂಪ್ಲಿಫೈಯರಿನ ಹಿಂದಿನ ಆಕ್ಸ್ ಇನ್‌ಪುಟ್‌ಗೆ ಕೊಡಿ. ಫೋನನ್ನು ಚಾರ್ಜಿಗೆ ಹಾಕಿಟ್ಟು ಕೇಳಬೇಡಿ, ಕೆಲವು ಚಾರ್ಜರ್‌ಗಳು ಗುಂಯ್‌ಗುಡುತ್ತವೆ. ವಾಲ್ಯೂಮ್ ಗುಬುಟು ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಶಿವಮೊಗ್ಗದಿಂದ:
ಎಲ್ಲರಿಗೂ ಕೃತಜ್ಞತೆ. ಬೆರಳಿಗೆ ಕಪ್ಪು ಪುಡಿ ಹತ್ತಿತು, ಎರಡೂ ಸ್ಪೀಕರ್‌ಗಳಲ್ಲಿ. ಈ ಅಂಚನ್ನು ಮಾತ್ರ ಬದಲಿಸಬಹುದೇ?

ಬೆಂಗಳೂರಿನಿಂದ:
ಖಂಡಿತ. ಇಲ್ಲಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಅಲ್ಲಿ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಂಟು ಇಂಚು ಎಂದಷ್ಟೇ ಹೇಳಿದರೆ ತಪ್ಪು ಬಳೆ (ಅಂಚಿನ ಉಂಗುರ) ಕೊಟ್ಟುಬಿಡುತ್ತಾರೆ. ಶಂಕುವಿನ (ವೂಫರಿನ ಕೋನ್) ವ್ಯಾಸ, ಬಳೆಯ ಹೊರ ಅಂಚಿನ ವ್ಯಾಸ ಎರಡನ್ನೂ ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಿ. ಹಳೆಯ ಅಂಟನ್ನು ಪೂರ್ತಿ ಕೆರೆದು, ಮೊದಲು ಶಂಕುವಿಗೆ ಅಂಟಿಸಿ ಒಣಗಲು ಬಿಡಿ. ಹೊರ ಅಂಚನ್ನು ಅಂಟಿಸುವಾಗ ಎರಡೂ ಕೈಗಳ ಬೆರಳುಗಳಿಂದ ಶಂಕುವನ್ನು ಸಮವಾಗಿ ಒಳಗೆ ಹೊರಗೆ ಆಡಿಸಿ ಕಿವಿಗೊಡಿ. ಒಳಗಿನ ಕಾಯಿಲ್ ಸರಸರ ಎಂದು ಉಜ್ಜಿದರೆ ಅಂಟು ಹಸಿ ಇರುವಾಗಲೇ ಕೂದಲೆಳೆಯಷ್ಟು ಸರಿಸಿ, ಸದ್ದು ನಿಂತ ಕಡೆ ಕ್ಲಿಪ್ ಹಾಕಿ. ಮಾರನೆಯ ದಿನದವರೆಗೆ ಸಂಗೀತ ಹಾಕಬೇಡಿ.